ತೂಕಕ್ಕೆ ಸಿಗದ ಲೋಹ

ಜರ್ಮನಿಯ ಫ್ರೈಬರ್ಗ್ ಗಣಿಗಳ ಹಳೆಯ ಊರು. 1863ರಲ್ಲಿ ಅಲ್ಲಿನ ಗಣಿ ವಿದ್ಯಾಲಯದ ಫರ್ಡಿನಾಂಡ್ ರೈಷ್ ಮತ್ತು ಥಿಯೋಡೋರ್ ರಿಕ್ಟರ್ ಸತುವಿನ ಅದಿರನ್ನು ಪರೀಕ್ಷಿಸುತ್ತಿದ್ದಾಗ, ಅದರ ರೋಹಿತದಲ್ಲಿ ಅದುವರೆಗೆ ಯಾರೂ ದಾಖಲಿಸದ ಕಡುನೀಲಿ ಗೆರೆಯೊಂದು ಕಾಣಿಸಿತು. ಕಂಡವರು ರಿಕ್ಟರ್, ರೈಷ್ ಅವರಿಗೆ ವರ್ಣಾಂಧತೆಯಿತ್ತು. ಇಂಡಿಗೊ ನೀಲಿಯಿಂದ ಆ ಲೋಹಕ್ಕೆ ಇಂಡಿಯಂ ಎಂಬ ಹೆಸರಾಯಿತು. ಇಂಡಿಗೊ ಎಂಬ ಮಾತಾದರೂ ಇಂಡಿಯಾದಿಂದಲೇ ಹೋದದ್ದು. ನೀಲಿಯನ್ನು ಬೆಳೆಯಲಾರೆವೆಂದು ಬಂಗಾಳದ ರೈತರು ದಂಗೆಯೆದ್ದು ಆಗಿನ್ನೂ ನಾಲ್ಕು ವರ್ಷವಾಗಿತ್ತು.

ಈ ಸಾಲುಗಳನ್ನು ನೀವು ಓದುತ್ತಿರುವ ಪರದೆಯಲ್ಲೂ ಬಹುಮಟ್ಟಿಗೆ ಅದೇ ಲೋಹವಿದೆ. ಇಂಡಿಯಂ ಮತ್ತು ತವರದ ಆಕ್ಸೈಡುಗಳ ತೆಳುಲೇಪ ಬೆಳಕನ್ನು ತಡೆಯದೆ ವಿದ್ಯುತ್ತನ್ನು ಹರಿಸುತ್ತದೆ. ಪರದೆ ಎಂಬುದು ಸಾಧ್ಯವಾಗಿರುವುದೇ ಆ ಗುಣದಿಂದ. ಇಂಡಿಯಂಗೆಂದೇ ತೋಡಿದ ಗಣಿಗಳಿಲ್ಲ. ಗಣಿಯಿಂದ ಬರುವುದರಲ್ಲಿ ಬಹುಪಾಲು ಸತುವನ್ನು ಶುದ್ಧಗೊಳಿಸುವಾಗ ಉಪೋತ್ಪನ್ನವಾಗಿ ದೊರೆಯುವಂಥದ್ದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾದ್ದು. 2025ರ ಫೆಬ್ರುವರಿಯಲ್ಲಿ ಆ ದೇಶ ಇಂಡಿಯಂ ರಫ್ತಿಗೆ ನಿರ್ಬಂಧ ಹೇರಿತು.

ಹಳೆಯ ಪರದೆಗಳಿಂದ ಇದನ್ನು ಮರಳಿ ಪಡೆಯುವುದು ಅಸಾಧ್ಯವೇನಲ್ಲ. ಗಾಜನ್ನು ಪುಡಿಮಾಡಿ, ಲೇಪವನ್ನು ಆಮ್ಲದಲ್ಲಿ ಕರಗಿಸಿ, ದ್ರಾವಣವನ್ನು ಅತ್ಯುಷ್ಣ ಪ್ಲಾಸ್ಮಾಕ್ಕೆ ಸಿಂಪಡಿಸಿ ಅದು ಸೂಸುವ ಬೆಳಕನ್ನು ಅಳೆದರೆ ಎಷ್ಟು ಲೋಹವಿದೆಯೆಂದು ತಿಳಿಯುತ್ತದೆ. ಉಪಕರಣ ಹೊಸದು, ತತ್ತ್ವ ಫ್ರೈಬರ್ಗಿನದೇ. ಒಂದು ಕಿಲೋ ಪರದೆಗಾಜಿನಲ್ಲಿ ಸಾಮಾನ್ಯವಾಗಿ ನೂರಿನ್ನೂರು ಮಿಲಿಗ್ರಾಂ ಸಿಗುತ್ತದೆ. ಎಷ್ಟೋ ಸತುವಿನ ಅದಿರುಗಳು ಇಷ್ಟು ಸಮೃದ್ಧವಲ್ಲ. ಬಳಿಕ ದ್ರಾವಣದಿಂದ ತವರವನ್ನು ಬೇರ್ಪಡಿಸಿ, ಸತುವಿನ ನೆರವಿನಿಂದ ಇಂಡಿಯಂ ಅನ್ನು ಕೆಳಗಿಳಿಸಬಹುದು. ಹೀಗಿದ್ದೂ, ಬಳಸಿ ಬಿಸುಟ ಸಾಧನಗಳಿಂದ ಮರಳುವ ಇಂಡಿಯಂ ಶೇಕಡಾ 1ಕ್ಕಿಂತ ಕಡಿಮೆಯೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2011ರಲ್ಲೇ ವರದಿ ಮಾಡಿತ್ತು.

ಕೊರತೆಯಿರುವುದು ರಸಾಯನಶಾಸ್ತ್ರದಲ್ಲಲ್ಲ, ಲೆಕ್ಕದಲ್ಲಿ. ಐರೋಪ್ಯ ಒಕ್ಕೂಟದ ಕಾನೂನು ಬಿಸುಟ ಪರದೆಗಳ ಗುರಿಯನ್ನು ತೂಕದಲ್ಲಿ ನಿಗದಿಪಡಿಸುತ್ತದೆ: ಶೇಕಡಾ 80ರಷ್ಟನ್ನು ಮರುಗಳಿಸಬೇಕು, 70ರಷ್ಟು ಮರುಬಳಕೆಗೆ ಸಲ್ಲಬೇಕು. ಚೌಕಟ್ಟಿನ ಕಬ್ಬಿಣ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಆ ಗುರಿಗೆ ಬಹುಪಾಲು ಸಾಕು. ಒಂದು ಗ್ರಾಮಿಗೂ ಕಡಿಮೆಯಿರುವ ಇಂಡಿಯಂ ತಕ್ಕಡಿಯ ಮುಳ್ಳನ್ನು ಅಲ್ಲಾಡಿಸದು. ಭಾರತದ 2022ರ ಇ-ತ್ಯಾಜ್ಯ ನಿಯಮಗಳಡಿ ಉತ್ಪಾದಕರ ಹೊಣೆಯ ಪ್ರಮಾಣಪತ್ರ ದೊರೆಯುವುದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಎಂಬ ನಾಲ್ಕೇ ಲೋಹಗಳಿಗೆ. ಮಾರುಕಟ್ಟೆ ಉಳಿದುದನ್ನು ತಾನೇ ನೋಡಿಕೊಳ್ಳುತ್ತದೆಂದು ನಂಬುವವರಿಗೆ ಆ 1 ಶೇಕಡಾ ಸಾಕ್ಷಿಯಾಗಿ ನಿಂತಿದೆ.

ಲೆಕ್ಕದಿಂದ ಹೊರಗುಳಿದದ್ದು ಲೋಹವೊಂದೇ ಅಲ್ಲ. ಎಲ್‌ಇಡಿ ಬರುವ ಮುಂಚಿನ ಪರದೆಗಳ ಹಿಂಬದಿಯ ದೀಪದ ಕೊಳವೆಗಳಲ್ಲಿ ಪಾದರಸವಿದೆ. ದೆಹಲಿಯ ಸೀಲಂಪುರದಲ್ಲಾಗಲಿ ಬೆಂಗಳೂರಿನ ಗೌರಿಪಾಳ್ಯದಲ್ಲಾಗಲಿ, ಗುಜರಿಗೆ ಬಂದ ಪರದೆಯನ್ನು ಬರಿಗೈಯಲ್ಲಿ ಬಿಚ್ಚುವವನಿಗೆ ಅದನ್ನು ಹೇಳುವವರಾರು? ಇನ್ನು ಇಂಡಿಯಂ ದೂಳು. ಜಪಾನಿನಲ್ಲಿ ಈ ಲೇಪದ ಕಚ್ಚಾವಸ್ತುವನ್ನು ಉಜ್ಜುತ್ತಿದ್ದ ಕಾರ್ಮಿಕನೊಬ್ಬ ಶ್ವಾಸಕೋಶದ ಕಾಯಿಲೆಯಿಂದ ಸತ್ತದ್ದು 2003ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಯಿತು. ಹಾಗಾಗಿ ಇಂಡಿಯಂ ಮರುಗಳಿಕೆ ನಾಳೆ ಲಾಭದ ಉದ್ಯಮವಾದರೆ ಗಾಜು ಪುಡಿಮಾಡುವ ಕೆಲಸ ಯಾವ ಛಾವಣಿಯಡಿ, ಯಾರ ಎದೆಗೂಡಿನ ಖರ್ಚಿನಲ್ಲಿ ನಡೆಯುತ್ತದೆ ಎಂಬುದನ್ನು ಇಂದೇ ಕೇಳಬೇಕಾಗಿದೆ.

2025ರ ಜನವರಿ 1ರಿಂದ ಬಾಸೆಲ್ ಒಪ್ಪಂದದಡಿ ಯಾವುದೇ ಇ-ತ್ಯಾಜ್ಯ ಗಡಿ ದಾಟಲು ಸ್ವೀಕರಿಸುವ ದೇಶದ ಪೂರ್ವಸಮ್ಮತಿ ಬೇಕು. ನಮ್ಮ ಓದುಗರಲ್ಲಿ ಅನೇಕರು ನೆಲೆಸಿರುವ ಅಮೆರಿಕ ಆ ಒಪ್ಪಂದಕ್ಕೆ ಸಹಿ ಹಾಕಿಯೂ ಇಂದಿಗೂ ಅನುಮೋದಿಸಿಲ್ಲ. ಅಲ್ಲಿನವರು ತಮ್ಮ ಜನಪ್ರತಿನಿಧಿಗಳನ್ನು ಕೇಳಬೇಕಾದ ಮೊದಲ ಪ್ರಶ್ನೆ ಅದು. ಭಾರತ ಸರ್ಕಾರವನ್ನು ಕೇಳಬೇಕಾದದ್ದು ಎರಡು: ನಾಲ್ಕು ಲೋಹಗಳ ಪಟ್ಟಿಗೆ ಇಂಡಿಯಂ ಸೇರಲಿ, ಪ್ರಮಾಣಪತ್ರದ ಹಣದಲ್ಲಿ ಗುಜರಿ ಕಾರ್ಮಿಕನ ಕೂಲಿ, ಮುಖಗವಸು ಮತ್ತು ವಾರ್ಷಿಕ ಶ್ವಾಸಕೋಶ ತಪಾಸಣೆಗೆ ಪಾಲು ಮೀಸಲಾಗಲಿ.