ಹೇಳದೇ ಉಳಿದ ಮಾತು



ಕಳೆದ ಸಲ ಹಲಸಿನ ಹಪ್ಪಳದ ಬಗ್ಗೆ ಬರೆದಿದ್ದೆ. ಈ ಸಲ ಪರೀಕ್ಷೆಯ ಪ್ರಶ್ನೆಯ ಬಗ್ಗೆ. "ನಮ್ಮ ಪರೀಕ್ಷೆ ಕಾಲ ಎಂದೋ ಮುಗೀತಲ್ಲ!" ಎಂದು ಪುಟ ಮಗುಚಬೇಡಿ. ಮನೆಯಲ್ಲಿ ಬ್ಯಾಂಕಿಗೋ ಸರ್ಕಾರಿ ಕೆಲಸಕ್ಕೋ ಓದುವ ಮಕ್ಕಳಿದ್ದರೆ ಇದು ಬೇಕಾಗುತ್ತದೆ. ಇಲ್ಲದಿದ್ದರೂ ಬೇಕಾಗುತ್ತದೆ, ಯಾಕೆಂದು ಕೊನೆಗೆ ಹೇಳುತ್ತೇನೆ.

ನನ್ನ ಮಗಳು ಪದವಿ ಮುಗಿಸಿ ಗ್ರಾಮೀಣ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಾಳೆ. 2019ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಹಾಗಾಗಿ ಅವಳ ಪುಸ್ತಕ ಎಸ್ಸೆಸ್ಸೆಲ್ಸಿಯವಳಾದ ನನಗೂ ಅರ್ಥವಾಗುತ್ತದೆ. ಹುಡುಗಿ ಲೆಕ್ಕದಲ್ಲಿ ಚುರುಕು. ಆದರೆ 'ಹೇಳಿಕೆ ಮತ್ತು ಊಹೆ' ಎಂಬ ಪ್ರಶ್ನೆ ಬಂತೋ, ಪೆನ್ಸಿಲ್ ಕಚ್ಚುತ್ತಾ ಕೂತುಬಿಡುತ್ತಾಳೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವುದರಿಂದ ಕಣ್ಣುಮುಚ್ಚಿ ಗುರುತು ಹಾಕುವ ಹಾಗೂ ಇಲ್ಲ. ಒಂದು ಸಂಜೆ ಪುಸ್ತಕ ಹಿಡಿದು ಅಡಿಗೆಮನೆಗೇ ಬಂದಳು. "ಆಯಿ, ಎಲ್ಲಾ ಉತ್ತರಾನೂ ಸರಿ ಅಂತ ಕಾಣ್ತದೆ. ಎಂತಾ ಮಾಡೂದು?"

ನಾವು ಆಡುವ ಪ್ರತಿಯೊಂದು ಮಾತಿನ ಕೆಳಗೂ ಆಡದೇ ಬಿಟ್ಟ ಇನ್ನೊಂದು ಮಾತು ಇರುತ್ತದೆ. ಪರೀಕ್ಷೆಯವರು ಕೇಳುವುದು ಅದನ್ನೇ. 'ಯಾವುದು ನಿಜ?' ಅಂತಲ್ಲ, 'ಮುಂದೆ ಏನಾಗುತ್ತದೆ?' ಅಂತಲೂ ಅಲ್ಲ. 'ಯಾವುದು ಇಲ್ಲದಿದ್ದರೆ ಈ ಮಾತು ಬಿದ್ದುಹೋಗುತ್ತದೆ?' ಅಂತ. ಇದು ಹೊಸ ವಿದ್ಯೆಯೇನಲ್ಲ. ನಮ್ಮ ಮೀಮಾಂಸಕರು 'ಅರ್ಥಾಪತ್ತಿ' ಎನ್ನುತ್ತಿದ್ದುದು ಇದರ ಹತ್ತಿರದ್ದೇ. ಅವರು ಕೊಡುವ ಉದಾಹರಣೆ ದೇವದತ್ತನದು. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಷ್ಟಪುಷ್ಟವಾಗಿದ್ದಾನೆ. ಹಾಗಾದರೆ ರಾತ್ರಿ ಉಣ್ಣುತ್ತಿರಲೇಬೇಕು. ಅದನ್ನು ಯಾರೂ ಹೇಳಿಲ್ಲ, ಆದರೆ ಅದಿಲ್ಲದೆ ಉಳಿದೆರಡು ಮಾತು ಒಂದಕ್ಕೊಂದು ಕೂಡುವುದಿಲ್ಲ.

ಇದನ್ನು ಕಂಡುಹಿಡಿಯಲು ಸುಲಭದ ಉಪಾಯವೊಂದಿದೆ: ಪ್ರತಿ ಊಹೆಯನ್ನೂ 'ಇಲ್ಲ' ಅಂದು ನೋಡಿ. ಹಾಗೆ ಅಂದಕೂಡಲೇ ಹೇಳಿಕೆ ಕುಸಿದರೆ ಅದೇ ಉತ್ತರ. ಹೇಳಿಕೆ ನಿಂತೇ ಇದ್ದರೆ ಆ ಊಹೆಯನ್ನು ಬಿಡಿ, ಅದು ಎಷ್ಟೇ ನಿಜವಾಗಿರಲಿ.

ನಮ್ಮ ಕಡೆಯ ಉದಾಹರಣೆಯನ್ನೇ ಮಗಳಿಗೆ ಕೊಟ್ಟೆ. ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ತೂಗುಹಾಕಿರುತ್ತಾರಲ್ಲ, ಅದು.

ಹೇಳಿಕೆ: ಮಳೆಗಾಲದ ಖರ್ಚಿಗೆ ಈಗಲೇ ಕುಮಟಾ ಈರುಳ್ಳಿಯ ಗೊಂಚಲು ತಂದು ಅಡಿಗೆಮನೆಯಲ್ಲಿ ತೂಗುಹಾಕಿ.
ಊಹೆ 1: ತೂಗುಹಾಕಿದ ಈರುಳ್ಳಿ ಮಳೆಗಾಲದವರೆಗೆ ಕೆಡದೆ ಉಳಿಯುತ್ತದೆ.
ಊಹೆ 2: ಕುಮಟಾ ಈರುಳ್ಳಿ ಬೇರೆಲ್ಲಾ ಈರುಳ್ಳಿಗಿಂತ ಸಿಹಿ.
ಊಹೆ 3: ಮಳೆಗಾಲದಲ್ಲಿ ಈರುಳ್ಳಿ ದರ ಏರುತ್ತದೆ.

"ಮೂರೂ ಸರಿ" ಅಂದಳು ಮಗಳು. 'ಇಲ್ಲ' ಅಂದು ನೋಡೋಣ. ಈರುಳ್ಳಿ ಕೆಟ್ಟುಹೋಗುತ್ತದೆ ಎಂದಾದರೆ ಮಳೆಗಾಲಕ್ಕೆಂದು ಈಗ ತರುವುದೇ ದಂಡ, ಹೇಳಿಕೆ ಬಿತ್ತು. ಎಲ್ಲಕ್ಕಿಂತ ಸಿಹಿ ಅಲ್ಲ ಅಂದರೆ? ಆದರೂ ತಂದಿಡಬಹುದು. ದರ ಏರದಿದ್ದರೆ? ಜಡಿಮಳೆಯಲ್ಲಿ ಪೇಟೆಗೆ ಹೋಗುವುದು ತಪ್ಪಲಿ ಎಂದಾದರೂ ತಂದಿಡಬಹುದು. ಆದ್ದರಿಂದ ಒಂದನೆಯದು ಮಾತ್ರ ಸರಿ. ಮೂರನೆಯದು ನಮಗೆಲ್ಲ ಅನುಭವದ ಮಾತು, ಅದಕ್ಕೇ ಮೋಸ ಹೋಗುತ್ತೇವೆ.

ಇನ್ನೊಂದು ಬಲೆ 'ಎಲ್ಲಾ', 'ಮಾತ್ರ', 'ಯಾವಾಗಲೂ' ಎಂಬ ಶಬ್ದಗಳದ್ದು. ಮೀನಿನ ಸಂತತಿ ಉಳಿಯಲೆಂದು ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಇದರ ಹಿಂದಿನ ಊಹೆ ಯಾವುದು? 'ಎಲ್ಲಾ ಮೀನುಗಳೂ ಈ ಎರಡು ತಿಂಗಳಲ್ಲಿ ಮಾತ್ರ ಮೊಟ್ಟೆಯಿಡುತ್ತವೆ' ಎಂದು ಪುಸ್ತಕದಲ್ಲಿ ಕೊಟ್ಟರೆ ಗುರುತು ಹಾಕಬೇಡಿ. ಕೆಲವು ಮೀನು ಬೇರೆ ತಿಂಗಳಲ್ಲಿ ಮೊಟ್ಟೆಯಿಟ್ಟರೂ ಈ ನಿಯಮಕ್ಕೆ ಏನೂ ಬಾಧೆಯಿಲ್ಲ. 'ಈ ದಿನಗಳಲ್ಲಿ ದೋಣಿ ನಿಂತರೆ ಮೀನಿನ ಸಂತತಿಗೆ ಅನುಕೂಲ' ಎಂಬಷ್ಟೇ ಸಾಕು. ಬೇಕಾದಷ್ಟೇ ಹೇಳುವ ಊಹೆ ಸರಿ, ಹೆಚ್ಚು ಹೇಳುವುದು ತಪ್ಪು. ಉಪ್ಪು ಹಾಕಿದ ಹಾಗೆ ಅಂದುಕೊಳ್ಳಿ!

ನಾಲ್ಕು ದಿನದಲ್ಲಿ ಮಗಳ ಕೈ ಕುದುರಿತು. ಐದನೇ ದಿನ ತಾನೇ ಒಂದು ಪ್ರಶ್ನೆ ಬರೆದು ನನ್ನ ಮುಂದಿಟ್ಟಳು.

ಹೇಳಿಕೆ: "ಇವಳು ಬ್ಯಾಂಕು ಪರೀಕ್ಷೆ ಕಟ್ಟಲಿ, ಮದುವೆ ಮಾತು ಆಮೇಲೆ" ಎಂದು ಆಯಿ ಎಲ್ಲರಿಗೂ ಹೇಳುತ್ತಾಳೆ.
ಊಹೆ 1: ಮಗಳಿಗೆ ತನ್ನದೇ ದುಡಿಮೆ ಇರುವುದು ಒಳ್ಳೆಯದು.
ಊಹೆ 2: ಮಗಳಿಗೆ ಮನೆಯ ಹತ್ತಿರವೇ ಕೆಲಸ ಸಿಗುತ್ತದೆ.

ನಾನು ಸುಮ್ಮನಾದೆ. ನಿಜ ಹೇಳಬೇಕೆಂದರೆ, ನನ್ನ ಮನಸ್ಸಿನಲ್ಲಿ ಅವಳು ಬೆಳಿಗ್ಗೆ ಹೊನ್ನಾವರದಲ್ಲಿ ಬಸ್ಸು ಹತ್ತಿ ಕುಮಟಾಕ್ಕೋ ಭಟ್ಕಳಕ್ಕೋ ಹೋಗಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದಳು. ಮಗಳು ಹೇಳಿದಳು: "ಆಯಿ, ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕು ನಮ್ಮ ಜಿಲ್ಲೆಯೂ ಸೇರಿ ಒಂಬತ್ತು ಜಿಲ್ಲೆಗಿತ್ತು. 2025ರ ಮೇ 1ರಿಂದ ಅದೂ ಬಳ್ಳಾರಿಯ ಗ್ರಾಮೀಣ ಬ್ಯಾಂಕೂ ಕೂಡಿ ಇಡೀ ರಾಜ್ಯಕ್ಕೆ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಮುಖ್ಯ ಕಚೇರಿ ಬಳ್ಳಾರಿ. ನನ್ನನ್ನ ರಾಯಚೂರಿಗೂ ಹಾಕಬಹುದು. ಈಗ ಎರಡನೇದನ್ನ 'ಇಲ್ಲ' ಅಂದು ನೋಡು."

ಹಾಲು ಉಕ್ಕೀತು ಎಂಬ ನೆಪ ಹೇಳಿ ಎದ್ದುಬಂದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅವಳನ್ನು ಓದಿಸಿದ್ದು ಅವಳಿಗಾಗಿಯೋ, ಹತ್ತಿರವೇ ಇಟ್ಟುಕೊಳ್ಳಲಿಕ್ಕೋ? ಕಂಡವರಿಗೆಲ್ಲ ದೊಡ್ಡ ಮಾತು ಆಡುತ್ತಿದ್ದೆನಲ್ಲ, ಅದರ ಕೆಳಗೆ ಇದೊಂದು ಅಡಗಿ ಕೂತಿದ್ದು ನನಗೇ ತಿಳಿದಿರಲಿಲ್ಲ.

ಬೆಳಿಗ್ಗೆ ದೋಸೆ ಹೊಯ್ಯುತ್ತಾ ಉತ್ತರ ಹೇಳಿದೆ: "ಒಂದನೇದು ಮಾತ್ರ." ಎರಡನೆಯದನ್ನು ತೆಗೆದಾಗ ಎದೆಯಲ್ಲಿ ಚುರುಕ್ಕೆಂದಿತು, ಆದರೆ ಮಾತು ಬೀಳಲಿಲ್ಲ. ಮಗಳು ಏನೂ ಅನ್ನದೆ ಇನ್ನೊಂದು ದೋಸೆ ಹಾಕಿಸಿಕೊಂಡಳು.

ಈ ಪ್ರಶ್ನೆ ಮಕ್ಕಳಿಗೆ ಮಾತ್ರವಲ್ಲ ಅಂದದ್ದು ಇದಕ್ಕೇ. 'ಸೊಸೆ ಕೆಲಸಕ್ಕೆ ಹೋಗುವುದು ಬೇಡ', 'ಮಗನಿಗೆ ಈ ಓದು ಸಾಕು' ಎಂದು ನಾವು ನಿರ್ಧಾರ ಹೇಳುವಾಗ ಅದರ ಕೆಳಗೆ ಏನು ಕೂತಿದೆ ಎಂದು ಒಮ್ಮೆ ನೋಡಬೇಕು. ಅದನ್ನು 'ಇಲ್ಲ' ಅಂದು ನೋಡಿ. ಮಾತು ನಿಂತರೆ ಧೈರ್ಯವಾಗಿ ಹೇಳಿ. ಬಿದ್ದರೆ, ಆ ಊಹೆ ನಿಜವೇ ಎಂದು ಮೊದಲು ವಿಚಾರಿಸಿಕೊಳ್ಳಿ.

ಈಗ ನಿಮಗೊಂದು ಪ್ರಶ್ನೆ. ಕುಮಟಾದ ನಾದಿನಿಗೆ ಭಟ್ಕಳದ ಅತ್ತಿಗೆ ಫೋನ್ ಮಾಡಿ, "ಮಧ್ಯಾಹ್ನದ ಪೂಜೆಗೆ ಮಲ್ಲಿಗೆ ಬೇಕಲ್ಲ, ಬೆಳಗಿನ ಬಸ್ಸಿಗೆ ಕೊಟ್ಟು ಕಳಿಸ್ತೇನೆ" ಅಂದಳು. ಊಹೆ 1: ಭಟ್ಕಳ ಮಲ್ಲಿಗೆಯಷ್ಟು ಪರಿಮಳದ ಹೂವು ಬೇರೆಲ್ಲೂ ಇಲ್ಲ. ಊಹೆ 2: ಬೆಳಗಿನ ಬಸ್ಸು ಪೂಜೆಯ ಹೊತ್ತಿಗೆ ಮೊದಲೇ ಕುಮಟಾ ಮುಟ್ಟುತ್ತದೆ. ಯಾವುದು ಸರಿ? ಭಟ್ಕಳದ ಸೋದರಿಯರು ಒಂದನೆಯದನ್ನೇ ಹಿಡಿದು ಜಗಳಕ್ಕೆ ಬರಬಾರದು!

ಉತ್ತರ ಮುಂದಿನ ಸಂಚಿಕೆಯಲ್ಲಿ, ಕಳಲೆ ಪಲ್ಯದ ಜೊತೆಗೆ.