ಬೆಳ್ಳಿ ರೂಪಾಯಿಗೆ ಬೆಲೆ ಕಟ್ಟುವ ಬಗೆ

ಹೊಸೂರಿನ ಓದುಗರೊಬ್ಬರು ಕೇಳಿರುವ ಒಂದು ಪ್ರಶ್ನೆಗೆ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಮೀಸಲಿಡುತ್ತಿದ್ದೇವೆ. ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದ ಇವರು ಬರುವ ಮಾರ್ಚಿಯಲ್ಲಿ ನಿವೃತ್ತರಾಗುತ್ತಾರೆ. ಆಗ ಕೈಸೇರುವ ಇಡಿಗಂಟಿನಲ್ಲಿ ಮೂರನೆಯ ಒಂದು ಪಾಲನ್ನು ಹಳೆಯ ಬೆಳ್ಳಿ ನಾಣ್ಯಗಳಲ್ಲಿ ತೊಡಗಿಸಬೇಕೆಂದು ಪರಿಚಯದ ವ್ಯಾಪಾರಿಯೊಬ್ಬರು ಒತ್ತಾಯಿಸುತ್ತಿದ್ದಾರಂತೆ. ಕೆಂಪು ಮಕಮಲ್ಲು ಹೊದಿಸಿದ ಪೆಟ್ಟಿಗೆ. ಅದರೊಳಗೆ ವಿಕ್ಟೋರಿಯಾ ರಾಣಿಯ, ಎಡ್ವರ್ಡ್ ಮತ್ತು ಜಾರ್ಜ್ ದೊರೆಗಳ ಮುದ್ರೆಯುಳ್ಳ ಇಪ್ಪತ್ತೈದು ರೂಪಾಯಿಗಳು. “ಬೆಳ್ಳಿಯೂ ಏರುತ್ತದೆ, ಹಳೆಯದಾದಷ್ಟೂ ನಾಣ್ಯವೂ ಏರುತ್ತದೆ, ಎರಡು ಕಡೆಯಿಂದಲೂ ಲಾಭ” ಎಂಬುದು ವ್ಯಾಪಾರಿಯ ವಾದ. ಮಗಳ ಕಾಲೇಜು ಓದು ಮುಗಿಯಲು ಇನ್ನೂ ಎರಡು ವರ್ಷವುಂಟು. “ಏನು ಮಾಡಲಿ ಮೇಷ್ಟ್ರೇ?” ಎಂದು ಕೇಳಿದ್ದಾರೆ.

ಬೇಡ ಎಂಬುದೇ ನಮ್ಮ ಉತ್ತರ. ಆದರೆ ಕಾರಣ ಹೇಳದೆ ಬೇಡವೆನ್ನುವುದು ಉಪಾಧ್ಯಾಯರಿಗೆ ತಕ್ಕುದಲ್ಲ. ಈ ಪೆಟ್ಟಿಗೆಯನ್ನು ಕೊಳ್ಳದವರ ಮನೆಗಳಲ್ಲಿಯೂ ಅಜ್ಜಿ ಮುತ್ತಜ್ಜಿಯರ ಕಾಲದ ಹತ್ತಿಪ್ಪತ್ತು ರೂಪಾಯಿಗಳು ಇದ್ದೇ ಇರುವುದರಿಂದ ಈ ವಿಚಾರ ಎಲ್ಲರಿಗೂ ಬೇಕಾದದ್ದು.

ಮೊದಲು ತೂಕ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತನ್ನ ಸೀಮೆಗೆಲ್ಲ ಒಂದೇ ರೂಪಾಯಿಯನ್ನು ಜಾರಿಗೆ ತಂದಿತು. ಅದರ ತೂಕ 180 ಗ್ರೇನು, ಎಂದರೆ ಸರಿಯಾಗಿ ಒಂದು ತೊಲ, ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೆರಕೆ. ಎಂದರೆ ಒಂದು ರೂಪಾಯಿಯಲ್ಲಿ ಅಪ್ಪಟ ಬೆಳ್ಳಿ 10.69 ಗ್ರಾಂ. 1939ನೆಯ ಇಸವಿಯ ಮುದ್ರೆಯವರೆಗೂ ಈ ಪ್ರಮಾಣ ಬದಲಾಗಲಿಲ್ಲ. ಯುದ್ಧದ ಒತ್ತಡದಲ್ಲಿ 1940ರಿಂದ ಸರಕಾರವು ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ತೂಕ ಅಷ್ಟೇ ಇದ್ದರೂ 1940ರಿಂದ 1945ರವರೆಗಿನ ರೂಪಾಯಿಯಲ್ಲಿರುವುದು 5.83 ಗ್ರಾಂ ಮಾತ್ರ. 1947ರ ಹುಲಿಯ ಚಿತ್ರದ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಆದಕಾರಣ ಗಂಟು ಬಿಚ್ಚಿದೊಡನೆ ಮಾಡಬೇಕಾದ ಕೆಲಸವೆಂದರೆ ಇಸವಿ ನೋಡಿ ಬೇರೆ ಬೇರೆ ಗುಡ್ಡೆ ಹಾಕುವುದು. ಐದನೆಯ ತರಗತಿಯ ಮಗುವೂ ಇದನ್ನು ಮಾಡಬಲ್ಲದು, ಮಾಡಲು ಬಿಡಿ.

ನಾವು ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ತಳಿಯ ಕಡೆಯ ಒಂದು ಮನೆಯಲ್ಲಿ ತೀರಿಕೊಂಡ ಹಿರಿಯಾಕೆಯ ಪೆಟ್ಟಿಗೆಯಲ್ಲಿ ಸಿಕ್ಕ ಅರುವತ್ತು ರೂಪಾಯಿಗಳನ್ನು ಮನೆಯವರು ಬೀದಿಯಲ್ಲಿ ಬಂದ ಪಾತ್ರೆಯವನಿಗೆ ಕೊಟ್ಟು ಸ್ಟೀಲಿನ ಎರಡು ಕೊಳಗ, ಒಂದು ಇಡ್ಲಿ ಪಾತ್ರೆ ಪಡೆದರು. ಎಲ್ಲವೂ ರಾಣಿಯ ರೂಪಾಯಿಗಳು. ಅರುವತ್ತು ರೂಪಾಯಿ ಎಂದರೆ ಆರುನೂರ ನಲವತ್ತು ಗ್ರಾಂ ಅಪ್ಪಟ ಬೆಳ್ಳಿ. ಆ ಮನೆಯ ಹುಡುಗ ನಮ್ಮ ಶಾಲೆಯಲ್ಲಿ ಓದಿದವನು. ಆ ವರ್ಷ ಪಾಲಿಟೆಕ್ನಿಕ್ಕಿನ ಶುಲ್ಕಕ್ಕೆ ಹಣ ಹೊಂದದೆ ಬೇಕರಿ ಕೆಲಸಕ್ಕೆ ಬೆಂಗಳೂರಿಗೆ ಹೋದನು. ತೂಕದ ಲೆಕ್ಕವನ್ನು ಅವನಿಗೆ ನಾವೇ ಕಲಿಸಿದ್ದೆವು, ಆದರೆ ಪಾತ್ರೆಯವನು ಬಂದಾಗ ಅವನನ್ನು ಯಾರೂ ಕೇಳಲಿಲ್ಲ.

ಇನ್ನು ವ್ಯಾಪಾರಿಯ ಎರಡನೆಯ ಮಾತು, ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬುದು. ಇದು ಅರಿಯದವರ ನಂಬಿಕೆ. ನಮ್ಮ ಮನೆಗಳಲ್ಲಿ ಅತಿ ಹಳೆಯದೆಂದು ಜೋಪಾನ ಮಾಡುವುದು 1862ರ ರಾಣಿ ರೂಪಾಯಿಯನ್ನು. ಆದರೆ ಆ ಇಸವಿಯ ಅಚ್ಚನ್ನು ಟಂಕಸಾಲೆಗಳು 1862ರ ನಂತರವೂ ಅನೇಕ ವರ್ಷ ಹಾಗೆಯೇ ಇಟ್ಟುಕೊಂಡು ಕೋಟಿಗಟ್ಟಲೆ ರೂಪಾಯಿ ಮುದ್ರಿಸಿದವು. ಹಾಗಾಗಿ ಅದು ಅಪರೂಪವಲ್ಲ. ಅದಕ್ಕಿಂತ ಎಪ್ಪತ್ತೇಳು ವರ್ಷ ಕಿರಿದಾದ 1939ರ ಆರನೆಯ ಜಾರ್ಜ್ ರೂಪಾಯಿಯೋ ಕೈಗೆ ಸಿಗುವುದೇ ದುರ್ಲಭ. ಸಂಗ್ರಾಹಕರು ಅದಕ್ಕೆ ಬೆಳ್ಳಿಯ ಬೆಲೆಗೆ ಹೋಲಿಕೆಯೇ ಇಲ್ಲದಷ್ಟು ಹಣ ಕೊಡುತ್ತಾರೆ. ಆ ಕಾರಣದಿಂದಲೇ ಅದರ ಕಳ್ಳ ಅಚ್ಚುಗಳೂ ಹುಟ್ಟಿವೆ.

1911ರ ರೂಪಾಯಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಬಿಡಿಸಿದ ಆನೆಗೆ ಸೊಂಡಿಲು ಮೊಟಕಾಗಿ ಅದು ಹಂದಿಯಂತೆ ಕಂಡಿತು. ಜನ ಅಸಮಾಧಾನಗೊಂಡರು. ಮುದ್ರಿಸಿದ್ದ ಸುಮಾರು 94 ಲಕ್ಷದಲ್ಲಿ 7 ಲಕ್ಷದಷ್ಟು ಮಾತ್ರ ಹೊರಬಿದ್ದಿತ್ತು, ಉಳಿದವನ್ನು ಕರಗಿಸಿದರು. 1912ರಿಂದ ಆನೆಗೆ ಸೊಂಡಿಲು ಸರಿಯಾಗಿ ಬಂತು. ನಮ್ಮಲ್ಲಿ ಹೇರಳವಾಗಿ ಸಿಗುವ 1918, 1919ರ ರೂಪಾಯಿಗಳ ಹಿಂದೆಯೂ ಒಂದು ಪ್ರಯಾಣವಿದೆ. ಮೊದಲ ಮಹಾಯುದ್ಧದಲ್ಲಿ ಭಾರತಕ್ಕೆ ಬೆಳ್ಳಿ ಸಾಲದೆ ಹೋದಾಗ ಅಮೆರಿಕವು 1918ರ ಪಿಟ್‌ಮನ್ ಕಾಯಿದೆಯ ಮೇರೆಗೆ ತನ್ನ ಇಪ್ಪತ್ತೈದು ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿ ಬ್ರಿಟಿಷರಿಗೆ ಮಾರಿತು. ಅಂಚೆಟ್ಟಿಯ ದನದ ವ್ಯಾಪಾರದಲ್ಲಿ ಕೈ ಬದಲಾದ ಎಷ್ಟೋ ರೂಪಾಯಿ ಹಿಂದಿನ ಜನ್ಮದಲ್ಲಿ ಅಮೆರಿಕದ ಡಾಲರಾಗಿದ್ದಿರಬಹುದು! ಆದರೆ ಕಥೆ ಚೆನ್ನಾಗಿದೆ ಎಂದು ಬೆಲೆ ಹೆಚ್ಚಾಗುವುದಿಲ್ಲ. ಹೇರಳವಾಗಿರುವುದು ಬೆಳ್ಳಿಯ ಬೆಲೆಗೇ ಮಾರುತ್ತದೆ.

ಹೀಗೆ ಬೆಲೆಯನ್ನು ನಿರ್ಣಯಿಸುವುದು ವಯಸ್ಸಲ್ಲ, ಎಷ್ಟು ಉಳಿದಿವೆ, ಯಾವ ಟಂಕಸಾಲೆಯದು, ಎಷ್ಟು ಸವೆದಿದೆ ಎಂಬುದು. ಒಂದೇ ಇಸವಿಯಲ್ಲಿ ಮುಂಬಯಿಯದು ಹೇರಳ, ಕಲ್ಕತ್ತೆಯದು ವಿರಳ ಎಂಬಂತಹ ಭೇದಗಳುಂಟು. ಇದನ್ನು ಬಲ್ಲವರಿಗೆ ಹಿಂದೆ ನಮ್ಮಲ್ಲಿ ಚಿನಿವಾರರೆಂದು ಹೆಸರಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಕಂಪನಿಗೆ ಸೇರಿ ರೀಡ್, ಮನ್ರೋ ಮುಂತಾದ ಅಧಿಕಾರಿಗಳು ಕಂದಾಯ ಎತ್ತಲು ಬಂದಾಗ ಈ ಸೀಮೆಯಲ್ಲಿ ವರಹ, ಹಣ, ಬಗೆಬಗೆಯ ರೂಪಾಯಿ ಎಲ್ಲವೂ ಒಟ್ಟಿಗೆ ಓಡಾಡುತ್ತಿದ್ದವು. ಚಿನಿವಾರನಿಲ್ಲದೆ ಕಂದಾಯ ಕಟ್ಟುವುದೂ ಕಷ್ಟವಾಗಿತ್ತು. ಈಗ ಆ ವಿದ್ಯೆ ಸಂಗ್ರಾಹಕರಲ್ಲಿದೆ, ಅದನ್ನು ಕಲಿಯಲು ವರ್ಷಗಳು ಬೇಕು. ಕಲಿಯದವರು ಅಪರೂಪದ ಬೆಲೆಯನ್ನು ಕೊಟ್ಟು ಸಾಮಾನ್ಯವಾದುದನ್ನು ಮನೆಗೆ ತರುತ್ತಾರೆ.

ಕೆಂಪು ಪೆಟ್ಟಿಗೆಯ ಲೆಕ್ಕವನ್ನು ಈಗ ನೋಡೋಣ. ಓದುಗರು ಬರೆದು ಕಳುಹಿಸಿದ ಇಸವಿಗಳೆಲ್ಲವೂ ಹೇರಳವಾಗಿ ಸಿಗುವಂಥವು. ಇಪ್ಪತ್ತೈದು ರೂಪಾಯಿಗಳಲ್ಲಿ ಅಪ್ಪಟ ಬೆಳ್ಳಿ 267 ಗ್ರಾಂ, ಸವೆತ ಕಳೆದರೆ ಇನ್ನೂ ಕಡಿಮೆ. ಪೆಟ್ಟಿಗೆಗೆ ಕೇಳುತ್ತಿರುವ ಹಣ ಆ ದಿನದ ದರದಂತೆ ಬೆಳ್ಳಿಯ ಬೆಲೆಯ ಎರಡೂವರೆ ಪಟ್ಟು. ಬೆಳ್ಳಿ ನೂರು ರೂಪಾಯಿಯದಾದರೆ ಇವರು ಕೊಡುವುದು ಇನ್ನೂರೈವತ್ತು. ನಾಳೆ ಮಾರಲು ಹೋದಾಗ ಕೊಳ್ಳುವವನು ಮಕಮಲ್ಲನ್ನು ಪಕ್ಕಕ್ಕಿಟ್ಟು ತಕ್ಕಡಿಗೆ ಹಾಕುತ್ತಾನೆ, ನೂರಕ್ಕೆ ಐದಾದರೂ ಮುರಿದುಕೊಳ್ಳುತ್ತಾನೆ. ಇನ್ನೂರೈವತ್ತು ಮರಳಿ ಕೈಗೆ ಬರಬೇಕಾದರೆ ಬೆಳ್ಳಿಯ ದರ ನೂರರಿಂದ ಇನ್ನೂರ ಅರವತ್ತಮೂರಕ್ಕೆ ಏರಬೇಕು. ಆಗ ಲಾಭವಲ್ಲ, ಅಸಲು ಮಾತ್ರ. ಅದೇ ಹಣಕ್ಕೆ ನೂರಕ್ಕೆ ಮೂರರ ತೆರಿಗೆ ಕೊಟ್ಟು ಬರಿಯ ಗಟ್ಟಿ ಬೆಳ್ಳಿ ಕೊಂಡಿದ್ದರೆ ದರ ನೂರ ಒಂಬತ್ತಕ್ಕೆ ಬಂದೊಡನೆ ಅಸಲು ಹುಟ್ಟುತ್ತದೆ. ಎರಡು ಕಡೆಯ ಲಾಭ ಎಂದರೆ ಇದೇ. ಎರಡೂ ಮಾರುವವನ ಕಡೆಯವು.

ಗಟ್ಟಿ ಬೆಳ್ಳಿಯೇ ಆದರೂ ನಿವೃತ್ತಿಯ ಹಣದ ಮೂರನೆಯ ಪಾಲನ್ನು ಅದರಲ್ಲಿ ಹೂಡುವುದು ನಮಗೆ ಸಮ್ಮತವಲ್ಲ. ಬೆಳ್ಳಿ ಚಂಚಲ ಸ್ವಭಾವದ್ದು. 1893ರವರೆಗೆ ಯಾರು ಬೇಕಾದರೂ ಟಂಕಸಾಲೆಗೆ ಬೆಳ್ಳಿ ಕೊಟ್ಟು ರೂಪಾಯಿ ಮಾಡಿಸಬಹುದಾಗಿತ್ತು. ಬೆಳ್ಳಿಯ ಬೆಲೆ ಕುಸಿಯುತ್ತ ಬಂದದ್ದರಿಂದ ಆ ವರ್ಷ ಸರಕಾರ ಆ ಬಾಗಿಲನ್ನು ಮುಚ್ಚಿತು. ಕಾಲ್ಕಡಗ, ಡಾಬುಗಳಲ್ಲಿ ಉಳಿತಾಯವನ್ನಿಟ್ಟಿದ್ದ ರೈತನ ಬೆಳ್ಳಿ ರೂಪಾಯಿಯ ಎದುರು ಇಳಿದುಹೋಯಿತು. ಯುದ್ಧ ಬಂದು ಮತ್ತೆ ಏರಿತು. 1920ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಔನ್ಸಿಗೆ 89 ಪೆನ್ನಿಯಾಗಿ, ರೂಪಾಯಿಯ ಬೆಲೆಗಿಂತ ಅದರೊಳಗಿನ ಬೆಳ್ಳಿಯ ಬೆಲೆಯೇ ಮಿಗಿಲಾಯಿತು. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಅದೇ ಬೆಳ್ಳಿ 13 ಪೆನ್ನಿಗೂ ಕೆಳಗೆ ಬಿತ್ತು. ನಮ್ಮ ಕಾಲದಲ್ಲಿಯೇ, 1980ರ ಜನವರಿಯಲ್ಲಿ, ಅಮೆರಿಕದ ಹಂಟ್ ಸಹೋದರರು ಬೆಳ್ಳಿಯನ್ನು ಕೂಡಿಹಾಕಿದ ಭರದಲ್ಲಿ ದರ 50 ಡಾಲರಿನ ಆಸುಪಾಸಿಗೆ ಹೋಗಿ, ಮಾರ್ಚಿ 27ರಂದು 11 ಡಾಲರಿಗೂ ಇಳಿಯಿತು. 2011ರ ಏಪ್ರಿಲಿನಲ್ಲಿ ಮತ್ತೆ 50ರ ಹತ್ತಿರ ಬಂದು, 2015ರ ಕೊನೆಗೆ 14ರ ಸಮೀಪಕ್ಕೆ ಬಂತು. ಆ ಗಡಿಯನ್ನು ಅದು ಸ್ಪಷ್ಟವಾಗಿ ದಾಟಿದ್ದು 2025ರ ಅಕ್ಟೋಬರಿನಲ್ಲಿ. ಡಾಲರಿನ ಎದುರು ನಮ್ಮ ರೂಪಾಯಿ ಇಳಿಯುತ್ತ ಬಂದುದರಿಂದ ನಮ್ಮವರ ಲೆಕ್ಕದಲ್ಲಿ ಏಳುಬೀಳು ಅಷ್ಟು ಕಠೋರವಾಗಿ ಕಾಣುವುದಿಲ್ಲ, ನಿಜ. ಆದರೂ ಇಪ್ಪತ್ತು ವಯಸ್ಸಿನವನು ಮೂವತ್ತು ವರ್ಷ ಕಾಯಬಲ್ಲ; ಬರುವ ಜೂನಿನಲ್ಲಿ ಮಗಳ ಶುಲ್ಕ ಕಟ್ಟಬೇಕಾದ ಅರುವತ್ತರ ತಂದೆ ಕಾಯಲಾರ.

ಒಡವೆ ಅಂಗಡಿಗಳು ದೀಪಾವಳಿಗೆ ಮಾರುವ ಲಕ್ಷ್ಮೀ ಮುದ್ರೆಯ ಬಿಲ್ಲೆಗಳನ್ನು ನಾವೆಲ್ಲರೂ ನಾಣ್ಯವೆನ್ನುತ್ತೇವೆ. ಅವು ನಾಣ್ಯಗಳಲ್ಲ, ಕೂಲಿ ಸೇರಿಸಿದ ಬೆಳ್ಳಿ ತುಂಡುಗಳು. ಕೂಲಿ ಎಂದೂ ಹಿಂದಿರುಗುವುದಿಲ್ಲ. ಸರಕಾರಿ ಟಂಕಸಾಲೆಯ ಸ್ಮಾರಕ ನಾಣ್ಯಗಳು ನಿಜವಾದ ನಾಣ್ಯಗಳೇ. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿದ 2010ರ ನೆನಪಿಗೆ ಹೊರಟ ಸಾವಿರ ರೂಪಾಯಿಯ ನಾಣ್ಯ 35 ಗ್ರಾಂ ತೂಗುತ್ತದೆ, ನೂರಕ್ಕೆ ಎಂಬತ್ತು ಬೆಳ್ಳಿ. ರವೀಂದ್ರನಾಥ ಠಾಕೂರರ ನೂರೈವತ್ತನೆಯ ಜಯಂತಿಯ ನೂರೈವತ್ತು ರೂಪಾಯಿಯದೂ ಅಷ್ಟೇ ತೂಕ, ಬೆಳ್ಳಿ ಮಾತ್ರ ಅರ್ಧ. ಕೊಳ್ಳುವ ಮುನ್ನ ಈ ವ್ಯತ್ಯಾಸ ನೋಡಬೇಕು. ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ಒಂದು ಕೊಂಡರೆ ನಾವು ಆಕ್ಷೇಪಿಸುವುದಿಲ್ಲ.

ಇರುವ ನಾಣ್ಯಗಳ ವಿಷಯದಲ್ಲಿ ಗೃಹಿಣಿಯರಲ್ಲಿ ಒಂದು ವಿನಂತಿ. ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಹುಣಸೆಹಣ್ಣು, ವಿಭೂತಿ ಹಚ್ಚಿ ರೂಪಾಯಿಗಳನ್ನು ಉಜ್ಜಿ ಫಳಫಳಗೊಳಿಸುವುದು ನಮ್ಮ ಮನೆಗಳ ವಾಡಿಕೆ. ಪ್ರತಿ ಉಜ್ಜುವಿಕೆಯಲ್ಲಿಯೂ ರಾಣಿಯ ಕೂದಲೆಳೆ, ದೊರೆಯ ಕಿವಿ, ಅಂಚಿನ ಗೆರೆಗಳು ಕೊಂಚ ಕೊಂಚವೇ ಮಾಯವಾಗುತ್ತವೆ. ಸಂಗ್ರಾಹಕನಿಗೆ ಬೇಕಾದದ್ದು ಆ ಗೆರೆಗಳು; ಮಾಸಲು ಬಣ್ಣವನ್ನು ಅವನು ಗುಣವೆಂದೇ ಎಣಿಸುತ್ತಾನೆ. ಪೂಜೆಗೆಂದು ಎರಡು ನಾಣ್ಯಗಳನ್ನು ಬೇರೆ ತೆಗೆದಿರಿಸಿ, ಅವನ್ನು ಬೇಕಾದಷ್ಟು ಬೆಳಗಿ. ಉಳಿದವನ್ನು ಒಂದೊಂದಾಗಿ ಕಾಗದದ ಲಕೋಟೆಯಲ್ಲಿ ಒಣಗಿದ ಜಾಗದಲ್ಲಿಡಿ. ಸರಕ್ಕೆ ಪೋಣಿಸಲು ಕಿವಿ ಬೆಸೆದ ನಾಣ್ಯ ತೂಕದ ಬೆಲೆಗಷ್ಟೇ ಹೋಗುತ್ತದೆ, ಬೆಸುಗೆಯ ಭಾರವನ್ನೂ ಕಳೆಯುತ್ತಾರೆ. ಇನ್ನು ಮುಂದೆ ಬೆಸೆಸಬೇಡಿ.

ಕಾನೂನಿನ ಮಾತು ಎರಡು. ಪಾಯ ತೋಡುವಾಗ ಮಣ್ಣಿನಲ್ಲಿ ಹುದುಗಿದ ನಾಣ್ಯ ಸಿಕ್ಕಿದರೆ, ಅದರ ಬೆಲೆ ಹತ್ತು ರೂಪಾಯಿಗೆ ಮೀರಿದ್ದರೆ, 1878ರ ನಿಧಿ ಕಾಯಿದೆಯಂತೆ ಕಲೆಕ್ಟರರಿಗೆ ತಿಳಿಸಬೇಕು. ಒಂದು ಕಾಲಕ್ಕೆ ಮೈಸೂರಿಗೆ ಸೇರಿದ್ದ ನಮ್ಮ ಹೊಲಗಳಲ್ಲಿ ಟಿಪ್ಪುವಿನ ಇಮಾಮಿ ರೂಪಾಯಿ ಸಿಗುವುದು ಅಸಾಧ್ಯವೇನಲ್ಲ. 1787ರ ಮೇಲಿನವುಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಎರಡನೆಯದು, ನೂರು ವರ್ಷ ಮೀರಿದ ನಾಣ್ಯ 1972ರ ಕಾಯಿದೆಯಂತೆ ಪುರಾತನ ವಸ್ತು. ಅಮೆರಿಕಕ್ಕೆ ಹೊರಟ ಮಗನ ಪೆಟ್ಟಿಗೆಯಲ್ಲಿ ಅಜ್ಜಿಯ ಆಶೀರ್ವಾದವೆಂದು ರಾಣಿ ರೂಪಾಯಿ ಇಡುವಂತಿಲ್ಲ.

ವಂಚನೆಯ ಸುದ್ದಿ ಇಲ್ಲದೆ ಈ ವಿಷಯ ಮುಗಿಯುವುದಿಲ್ಲ. ರಾಮ ಸೀತೆ ಹನುಮಂತರ ಚಿತ್ರವೂ ಕಂಪನಿಯ ಹೆಸರೂ ಒಂದೇ ಬಿಲ್ಲೆಯಲ್ಲಿದ್ದು 1818 ಎಂದು ಬರೆದಿದ್ದರೆ ಅದು ಯಾವ ಟಂಕಸಾಲೆಯದೂ ಅಲ್ಲ. ಕಂಪನಿ ಅಂತಹ ನಾಣ್ಯ ಹೊರಡಿಸಲಿಲ್ಲ. ಅಕ್ಕಿಕಾಳನ್ನು ಸೆಳೆಯುವ ನಾಣ್ಯ ಕೋಟಿ ಬಾಳುತ್ತದೆಂದು ಹೇಳಿ ಮುಂಗಡ ಕೀಳುವವರು ಗಡಿಯ ಎರಡೂ ಕಡೆ ಓಡಾಡುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹಳೆಯ ನಾಣ್ಯಕ್ಕೆ ಲಕ್ಷ ಕೊಡಿಸುತ್ತೇವೆ, ಮೊದಲು ತೆರಿಗೆ ಕಟ್ಟಿ ಎನ್ನುವವರ ಬಗ್ಗೆ 2021ರ ಆಗಸ್ಟಿನಲ್ಲಿ ಆ ಬ್ಯಾಂಕೇ ಎಚ್ಚರಿಕೆ ಹೊರಡಿಸಿತು. ತಾನು ಅಂತಹ ವ್ಯವಹಾರದಲ್ಲಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ತಿಳಿಸಿತು. ಮಾರುವವನಿಂದ ಮೊದಲೇ ಹಣ ಕೇಳುವ ಕೊಳ್ಳುಗನಿಗೆ ಬಾಗಿಲು ತೋರಿಸಿ.

ತಮ್ಮ ಮನೆಯ ನಾಣ್ಯದ ಬಗೆಗೆ ನಮಗೆ ಬರೆಯಬಯಸುವವರು ದಯವಿಟ್ಟು ನಾಣ್ಯವನ್ನು ಅಂಚೆಯಲ್ಲಿ ಕಳುಹಿಸಬೇಡಿ. ಅದರ ಮೇಲೆ ತೆಳುವಾದ ಕಾಗದವಿಟ್ಟು ಸೀಸದಕಡ್ಡಿಯನ್ನು ಓರೆಯಾಗಿ ಹಗುರವಾಗಿ ಆಡಿಸಿದರೆ ಎರಡೂ ಮುಖದ ಅಚ್ಚು ಮೂಡುತ್ತದೆ. ಪಕ್ಕದಲ್ಲಿ ಗ್ರಾಂ ಲೆಕ್ಕದ ತೂಕ, ಇಸವಿ, ಇಸವಿಯ ಹತ್ತಿರ ಚುಕ್ಕಿಯೋ ಅಕ್ಷರವೋ ಇದ್ದರೆ ಅದನ್ನೂ ಬರೆಯಿರಿ. ಹೊಸೂರಿನ ನಮ್ಮ ಓದುಗರು ಹೀಗೆಯೇ ಕಳುಹಿಸಿದ್ದರು. ಅಚ್ಚು ತೆಗೆದವಳು ಅವರ ಮಗಳಂತೆ, ಅಚ್ಚುಕಟ್ಟಾಗಿತ್ತು.