ಉತ್ತರಿಸಿದವರು ಯಾರು?

ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಬಲ್ಲ ಮಗನೋ ಮಗಳೋ ಇದ್ದರೆ ಕೇಳಿ ನೋಡಿ. ಬರುವ ಇ-ಮೇಲುಗಳಿಗೆ ತಾನಾಗಿಯೇ ಉತ್ತರ ಕಳುಹಿಸುವ ಪುಟ್ಟ ಸ್ಕ್ರಿಪ್ಟೊಂದನ್ನು ಒಂದೇ ಸಂಜೆಯಲ್ಲಿ ಬರೆದುಬಿಡಬಹುದು ಎನ್ನುತ್ತಾರೆ. ಅದು ನಿಜವೂ ಹೌದು. ಹತ್ತಿಪ್ಪತ್ತು ಸಾಲುಗಳ ಆದೇಶಗಳು, ಅಷ್ಟೇ. ಐದೈದು ನಿಮಿಷಕ್ಕೊಮ್ಮೆ ಅದು ಅಂಚೆಪೆಟ್ಟಿಗೆಯಲ್ಲಿ ಇಣುಕುತ್ತದೆ. ಕಳುಹಿಸಿದವರ ಹೆಸರನ್ನೂ ವಿಷಯದ ಸಾಲಿನಲ್ಲಿರುವ ಪದಗಳನ್ನೂ ಹೊಂದಿಸಿ ನೋಡುತ್ತದೆ. ಮೊದಲೇ ಬರೆದಿಟ್ಟ ಮಾತನ್ನು ನಮ್ಮ ಸಹಿಯೊಡನೆ ರವಾನಿಸುತ್ತದೆ. ನಾವು ನಿದ್ರಿಸುತ್ತಿದ್ದರೂ ಪ್ರಯಾಣದಲ್ಲಿದ್ದರೂ ಅದರ ಕೆಲಸ ನಿಲ್ಲದು. ಇದರ ಹಿಂದಿನ ಜಾಣ್ಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಆ ಸಹಿಯ ಕುರಿತಾದದ್ದು.

2015ರಲ್ಲಿ ಜಗತ್ತಿನ ತಂತ್ರಾಂಶಗಾರರ ನಡುವೆ ಒಂದು ಕತೆ ನಗೆಯುಕ್ಕಿಸುತ್ತ ಹರಡಿತು. ಕೆಲಸ ಬಿಟ್ಟುಹೋದ ಒಬ್ಬನ ಕಂಪ್ಯೂಟರನ್ನು ಸಹೋದ್ಯೋಗಿಗಳು ತೆರೆದು ನೋಡುತ್ತಾರೆ. ಒಂದೂವರೆ ನಿಮಿಷಕ್ಕಿಂತ ಹೆಚ್ಚು ಸಮಯ ಹಿಡಿಯುವ ಪ್ರತಿಯೊಂದು ಕೆಲಸಕ್ಕೂ ಆತ ಸ್ಕ್ರಿಪ್ಟ್ ಬರೆದಿಟ್ಟಿದ್ದಾನೆ! ಒಬ್ಬ ಗಿರಾಕಿಯ ಇ-ಮೇಲಿನಲ್ಲಿ ಸಹಾಯ, ತೊಂದರೆ, ಕ್ಷಮಿಸಿ ಎಂಬಂಥ ಪದಗಳು ಕಂಡರೆ ಒಂದು ಸ್ಕ್ರಿಪ್ಟ್ ಅವನ ಹಾಳಾದ ದತ್ತಾಂಶವನ್ನು ಸರಿಪಡಿಸಿ, ಚಿಂತೆಯಿಲ್ಲ, ಮುಂದೆ ಜೋಪಾನ ಎಂದು ಉತ್ತರಿಸುತ್ತದೆ. ರಾತ್ರಿ ಒಂಬತ್ತಾದರೂ ಆತ ಕಚೇರಿಯ ಕಂಪ್ಯೂಟರಿನಲ್ಲಿಯೇ ಇದ್ದರೆ ಇನ್ನೊಂದು ಸ್ಕ್ರಿಪ್ಟ್ ಅವನ ಹೆಂಡತಿಗೆ, ಇಂದು ತಡವಾಗುತ್ತದೆ ಎಂದು ಸಂದೇಶ ಕಳುಹಿಸುತ್ತದೆ. ಕಾರಣವನ್ನು ಸಿದ್ಧಪಟ್ಟಿಯಿಂದ ಚೀಟಿಯೆತ್ತಿದಂತೆ ಆರಿಸಿಕೊಳ್ಳುತ್ತದೆ.

ಇದನ್ನು ಕಟ್ಟುಕತೆಯೆಂದೇ ಇಟ್ಟುಕೊಳ್ಳೋಣ. ಕೇಳಿ ನಕ್ಕವರಂತೂ ಕಟ್ಟುಕತೆಯಲ್ಲ. ಗಿರಾಕಿಯ ವಿಷಯದಲ್ಲಿ ನನಗೆ ದೊಡ್ಡ ದೂರಿಲ್ಲ. ಅವನಿಗೆ ಬೇಕಾಗಿದ್ದುದು ದತ್ತಾಂಶ, ಅದು ದೊರಕಿತು. ಆದರೆ ಆ ಹೆಂಡತಿಗೆ? ಆಕೆಗೆ ಬೇಕಾಗಿದ್ದುದು ಕಾರಣವಲ್ಲ. ದುಡಿಮೆಯ ನಡುವೆ ಗಂಡನಿಗೆ ತನ್ನ ನೆನಪಾಯಿತೆಂಬ ಸುಳಿವು. ಸಂದೇಶ ಬಂದ ಆ ಕ್ಷಣದಲ್ಲಿ ಆತ ಆಕೆಯನ್ನು ನೆನೆದಿರಲಿಲ್ಲವೆಂಬುದೊಂದೇ ಅದರಲ್ಲಿದ್ದ ಸತ್ಯ, ಮತ್ತು ಅದೊಂದನ್ನೇ ಆಕೆಯಿಂದ ಮುಚ್ಚಿಡಲಾಗಿತ್ತು.

ನಮ್ಮ ಹಿಂದಿನ ಪತ್ರಗಳೂ ಅಚ್ಚೊತ್ತಿದಂತೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ ಎಂಬ ಸಾಲು ಯಾರ ಮನೆಯ ಪತ್ರದಲ್ಲಿ ಇರಲಿಲ್ಲ? ಒಪ್ಪಿದೆ. ಜಪಸರದಲ್ಲೂ ಅವೇ ಮಾತುಗಳು ಮರಳಿ ಬರುತ್ತವೆ. ಹಾಗೆಂದು ಅದನ್ನು ಧ್ವನಿಮುದ್ರಿಕೆಗೆ ಒಪ್ಪಿಸಿ ನಾವು ಮಲಗುವುದಿಲ್ಲ. (ಕೆಲವರು ಹಾಗೂ ಮಾಡುತ್ತಾರೆ, ಆ ಮಾತು ಬೇರೆ.) ಮುಂಬಯಿಯಿಂದ ಬಂದ ಇನ್‌ಲ್ಯಾಂಡ್ ಕಾಗದದಲ್ಲಿ, ಕುವೈತಿನಿಂದ ಬಂದ ಏರ್‌ಮೇಲ್ ಲಕೋಟೆಯಲ್ಲಿ, 'ಕ್ಷೇಮ' ಎಂಬುದು ಸವೆದ ನಾಣ್ಯವೇ ಆಗಿದ್ದಿರಬಹುದು. ಆದರೆ ಅದನ್ನು ಬರೆಯಲು ಒಂದು ಕೈ ಆಡಬೇಕಾಗಿತ್ತು. ಮಗ ಹಾಸಿಗೆ ಹಿಡಿದರೆ ಪತ್ರ ನಿಲ್ಲುತ್ತಿತ್ತು. ಪತ್ರ ನಿಂತರೆ ತಾಯಿ ಅಂಚೆಯಣ್ಣನನ್ನು ತಡೆದು ಕೇಳುತ್ತಿದ್ದಳು, ಅದೇ ಊರಿನಲ್ಲಿ ದುಡಿಯುವವರ ಮನೆಗೆ ಹೋಗಿ ವಿಚಾರಿಸುತ್ತಿದ್ದಳು, ಗುರುಗಳ ಬಾಗಿಲಿಗೆ ಬರುತ್ತಿದ್ದಳು. ಸ್ಕ್ರಿಪ್ಟು ಹಾಸಿಗೆ ಹಿಡಿಯುವುದಿಲ್ಲ. ಮಗ ಆಸ್ಪತ್ರೆಯಲ್ಲಿದ್ದರೂ, ಕೆಲಸ ಕಳೆದುಕೊಂಡು ಕೋಣೆಯ ಬಾಗಿಲಿಕ್ಕಿ ಕುಳಿತಿದ್ದರೂ, 'ನಾನು ಚೆನ್ನಾಗಿದ್ದೇನೆ ಅಮ್ಮ, ಮಾತ್ರೆ ಮರೆಯಬೇಡಿ' ಎಂಬ ಉತ್ತರ ತಪ್ಪದೆ ಹೋಗುತ್ತಿರುತ್ತದೆ. ಹಿಂದೆ ಮೌನವೂ ಒಂದು ಸುದ್ದಿಯಾಗಿತ್ತು. ಆ ಸುದ್ದಿ ತಾಯಿಗೆ ತಲುಪದಂತೆ ಮಾಡುವ ಯಂತ್ರವನ್ನು ಸೌಕರ್ಯವೆಂದು ಕರೆಯಲು ನನಗೆ ನಾಲಗೆ ಬಾರದು. ಇಂದಿನ ಕೃತಕ ಬುದ್ಧಿಮತ್ತೆಯ ನೆರವು ದೊರೆತರಂತೂ ಮಾತುಗಳನ್ನು ಮೊದಲೇ ಬರೆದಿಡುವ ಶ್ರಮವೂ ಉಳಿಯಿತು; ತಾಯಿಯ ಪ್ರಶ್ನೆಗೆ ತಕ್ಕ ಅಕ್ಕರೆಯನ್ನೂ ಅದೇ ಹೊಸೆದು ಕೊಡುತ್ತದೆ.

ಈ ವಿಷಯದಲ್ಲಿ ತಂತ್ರಜ್ಞರು ನಮಗಿಂತ ಪ್ರಾಮಾಣಿಕರಾಗಿದ್ದರೆಂಬುದನ್ನು ಹೇಳಲೇಬೇಕು. 1980ರ ದಶಕದಲ್ಲಿ ಅಮೆರಿಕದ ಎರಿಕ್ ಆಲ್‌ಮನ್ ಯೂನಿಕ್ಸ್ ಗಣಕಗಳಿಗಾಗಿ 'ವೆಕೇಶನ್' ಎಂಬ ಕಿರುತಂತ್ರಾಂಶವನ್ನು ಬರೆದರು. ರಜೆಯಲ್ಲಿದ್ದೇನೆ ಎಂದು ತಿಳಿಸುವುದಷ್ಟೇ ಅದರ ಕೆಲಸ. ಒಬ್ಬರೇ ಎಷ್ಟು ಬಾರಿ ಬರೆದರೂ, ನಾವಾಗಿ ಬದಲಿಸದಿದ್ದರೆ, ವಾರಕ್ಕೊಮ್ಮೆ ಮಾತ್ರ ಅದು ಉತ್ತರಿಸುತ್ತಿತ್ತು. 2004ರಲ್ಲಿ ಪ್ರಕಟವಾದ, ಆರ್‌ಎಫ್‌ಸಿ 3834 ಎಂಬ ಅಂತರಜಾಲದ ತಾಂತ್ರಿಕ ದಾಖಲೆಯು, ತಾನಾಗಿ ಹೊರಟ ಉತ್ತರವು ತಾನಾಗಿ ಹೊರಟದ್ದೆಂಬ ಗುರುತನ್ನು ಹೊತ್ತಿರಬೇಕೆಂದು ಶಿಫಾರಸು ಮಾಡಿತು. ಆ ಗುರುತು ಓದುವವರಿಗೆ ಅರ್ಥವಾಗದಿದ್ದರೆ ಏನಾಗುತ್ತದೆಂಬುದನ್ನು 2008ರಲ್ಲಿ ವೇಲ್ಸ್‌ನ ಸ್ವಾನ್ಸೀ ಊರು ಕಂಡಿತು. ರಸ್ತೆಫಲಕವೊಂದರ ಬರಹವನ್ನು ವೆಲ್ಶ್ ಭಾಷೆಗೆ ಅನುವಾದಿಸಲು ಅಲ್ಲಿಯ ಆಡಳಿತ ಇ-ಮೇಲ್ ಕಳುಹಿಸಿತು. ಅನುವಾದಕರು ಕಚೇರಿಯಲ್ಲಿಲ್ಲ ಎಂದು ಯಂತ್ರವು ವೆಲ್ಶ್ ಭಾಷೆಯಲ್ಲಿ ಕಳುಹಿಸಿದ ಉತ್ತರವನ್ನೇ ಅನುವಾದವೆಂದು ಭಾವಿಸಿ ಫಲಕದ ಮೇಲೆ ಬರೆಸಿಯೂ ಆಯಿತು! ನಗು ಬರುತ್ತದೆ. ಆದರೂ ಆ ಯಂತ್ರ ಸುಳ್ಳಾಡಿರಲಿಲ್ಲ.

ಪರರ ಕೈಯಿಂದ ಬರೆಸುವುದೇ ತಪ್ಪೆಂದು ನಾನು ವಾದಿಸುತ್ತಿಲ್ಲ. ರೋಮನರಿಗೆ ಸಂತ ಪೌಲರು ಹೇಳಿ ಬರೆಸಿದ ಪತ್ರವನ್ನು ಬರೆದವನು ತೆರ್ತಿಯ. ಆದರೆ ಆತ ಪೌಲರ ಮರೆಯಲ್ಲಿ ಅಡಗಲಿಲ್ಲ; 16ನೆಯ ಅಧ್ಯಾಯದಲ್ಲಿ ತನ್ನ ಹೆಸರಿನಲ್ಲಿಯೇ ವಂದನೆ ಸಲ್ಲಿಸುತ್ತಾನೆ. ಅಕ್ಷರ ಬಾರದ ತಾಯಂದಿರಿಗೆ ಪತ್ರ ಬರೆದುಕೊಡುತ್ತಿದ್ದ ನಮ್ಮ ಶಾಲಾ ಮೇಷ್ಟ್ರುಗಳೂ ಕೊನೆಯಲ್ಲಿ ತಮ್ಮದೊಂದು ನಮಸ್ಕಾರ ಸೇರಿಸುತ್ತಿದ್ದರಲ್ಲವೇ! ಗಲಾತ್ಯರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲರು ತಮ್ಮ ಕೈಯ ದೊಡ್ಡ ಅಕ್ಷರಗಳನ್ನು ಗಮನಿಸುವಂತೆ ಹೇಳುತ್ತಾರೆ. ಒನೇಸಿಮನಿಂದ ಏನಾದರೂ ನಷ್ಟವಾಗಿದ್ದರೆ ತಾವೇ ತೀರಿಸುವೆವೆಂದು ಫಿಲೆಮೋನನಿಗೆ ಮಾತು ಕೊಡುವಾಗಲೂ ಸ್ವಹಸ್ತದಿಂದಲೇ ಬರೆಯುತ್ತಾರೆ.

ಧರ್ಮಕೇಂದ್ರದ ಕಚೇರಿಗೂ ಸಂಘಗಳ ಕಾರ್ಯದರ್ಶಿಗಳಿಗೂ ಬರುವ ಪತ್ರಗಳ ರಾಶಿ ದೊಡ್ಡದೆಂದು ಬಲ್ಲೆ. ಜ್ಞಾನಸ್ನಾನದ ಪ್ರಮಾಣಪತ್ರ ಕೇಳಿದವರಿಗೆ ಕಚೇರಿಯ ವೇಳೆಯನ್ನು ಯಂತ್ರವೇ ತಿಳಿಸಲಿ. 'ಇದು ಸ್ವಯಂಚಾಲಿತ ಸ್ವೀಕೃತಿ, ಗುರುಗಳು ಇನ್ನೂ ಓದಿಲ್ಲ' ಎಂದು ಹೇಳಲಿ. ಆದರೆ 'ನಿಧನ' ಎಂಬ ಪದ ಕಂಡೊಡನೆ, ನಿಮ್ಮ ದುಃಖದಲ್ಲಿ ನಾನೂ ಭಾಗಿ, ನಿಮಗಾಗಿ ಪ್ರಾರ್ಥಿಸುತ್ತಿದ್ದೇನೆ ಎಂದು ಯಾರ ಹೆಸರಿನಲ್ಲಾದರೂ ಬರೆಸಿದರೆ, ಅದನ್ನು ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಆಜ್ಞೆಯ ಕೆಳಗಲ್ಲದೆ ಬೇರೆಲ್ಲಿ ಇಡೋಣ? ಹತ್ತು ದಿನ ತಡವಾಗಿ ಬಂದರೂ ಓದಿ ಬರೆದ ಎರಡು ಸಾಲು ಸಾಕು. ಲೂಕನ ಶುಭಸಂದೇಶದಲ್ಲಿ ಪ್ರಭು ಹೇಳಿದ ಸಾಮತಿಯನ್ನು ನೆನೆಯಿರಿ. ನಡುರಾತ್ರಿ ರೊಟ್ಟಿ ಕೇಳಲು ಬಂದ ಗೆಳೆಯನಿಗೆ ಮನೆಯವನು ಮೊದಲು ಗದರಿಕೊಂಡನು. ಗದರಿದ್ದು ಅವನೇ, ಅವನದೇ ದನಿಯಲ್ಲಿ; ಎದ್ದು ಬಂದು ಕೊಟ್ಟವನೂ ಅವನೇ. ಬಾಗಿಲಿಗೆ ಸವಿಮಾತಿನ ಯಂತ್ರವೊಂದನ್ನು ಕಟ್ಟಿ ಅವನು ಮಲಗಿದ್ದರೆ ಗೆಳೆಯ ಧನ್ಯವಾದ ಹೇಳಿ ಬರಿಗೈಯಲ್ಲಿ ಹಿಂದಿರುಗುತ್ತಿದ್ದ.

ನಿಮ್ಮ ಮಗ ಅಂಥದೊಂದು ಸ್ಕ್ರಿಪ್ಟ್ ಬರೆದು ತೋರಿಸಿದರೆ ಗದರಬೇಡಿ. ಪಕ್ಕದಲ್ಲಿ ಕುಳಿತು, ಅದು ಯಾರು ಯಾರಿಗೆ ಉತ್ತರಿಸುತ್ತದೆ, ಆ ಹೆಸರುಗಳನ್ನು ಓದು ಎನ್ನಿ. ಬ್ಯಾಂಕು, ವಿಮಾ ಕಂಪನಿ, ವಿದ್ಯುತ್ ಬಿಲ್ಲು ಎಂದರೆ ಭೇಷ್ ಎನ್ನಿ. ಪಟ್ಟಿಯಲ್ಲಿ ಅಜ್ಜಿಯ ಹೆಸರಿದ್ದರೆ, ಆ ಒಂದು ಸಾಲನ್ನು ನಿಮ್ಮೆದುರಿನಲ್ಲಿಯೇ ಅಳಿಸಲು ಹೇಳಿ.